ರಹದಾರಿಯೂ ಸಂಶೋಧನೆಯ ಸಾಧನವೇ: ಕೊಪ್ಪಳ ಸೀಮೆಯ ಕನ್ನಡ ಸಂಶೋಧಕರ ವಿದೇಶಯಾನವನ್ನು ಕುರಿತು ಕೆಲವು ವಿಚಾರಗಳು

1

ಕನ್ನಡದಲ್ಲಿ ಸಂಶೋಧನೆಯ ವಿಧಿವಿಧಾನಗಳನ್ನು ಕುರಿತ ಗ್ರಂಥಗಳು ಆಕರಸಂಗ್ರಹಣೆ, ಕ್ಷೇತ್ರಕಾರ್ಯ, ಪಾಠಪರಿಷ್ಕರಣ, ಅಡಿಟಿಪ್ಪಣಿ ಮೊದಲಾದ ವಿಷಯಗಳಿಗೆ ವಿಸ್ತಾರವಾದ ಅಧ್ಯಾಯಗಳನ್ನು ಮೀಸಲಿಡುತ್ತವೆ. ಆದರೆ ಆಕರವು ದೇಶದ ಗಡಿಯಾಚೆ ಇದ್ದಾಗ ಸಂಶೋಧಕನು ಅಲ್ಲಿಗೆ ತಲುಪುವುದು ಹೇಗೆ ಎಂಬ ಪ್ರಶ್ನೆ ಈ ಚರ್ಚೆಗಳಲ್ಲಿ ಎದುರಾಗುವುದು ವಿರಳ. ಪಾಸ್‌ಪೋರ್ಟ್, ವೀಸಾ, ಆಹ್ವಾನಪತ್ರ, ರಜೆಯ ಮಂಜೂರಾತಿ ಇವೆಲ್ಲ ಕಚೇರಿಯ ಕಡತಕ್ಕೆ ಸಂಬಂಧಿಸಿದವು, ವಿದ್ವತ್ತಿಗೆ ಸಂಬಂಧಿಸಿದವಲ್ಲ ಎಂಬ ಗ್ರಹಿಕೆ ಬಹುಕಾಲದಿಂದ ಬೇರೂರಿದೆ. ಈ ಗ್ರಹಿಕೆಯಿಂದ ಹೆಚ್ಚು ನಷ್ಟಕ್ಕೆ ಒಳಗಾಗುವವರು ರಾಜಧಾನಿಯ ವಿದ್ವಾಂಸರಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂತಹ ಊರುಗಳ ಕಾಲೇಜುಗಳಲ್ಲಿ ಪಾಠ ಹೇಳುತ್ತ ಸಂಶೋಧನೆಯಲ್ಲಿ ತೊಡಗಿರುವವರು. ವಿದೇಶಯಾನದ ಕಾಗದಪತ್ರಗಳ ಸಿದ್ಧತೆಯನ್ನು ಸಂಶೋಧನೆಯ ಅಂಗವೆಂದೇ ಭಾವಿಸಿ ಕನ್ನಡ ವಿಭಾಗಗಳು ಅದರ ಹೊಣೆಯನ್ನು ಹೊರಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

‘ರಹದಾರಿ’ ಎಂಬ ಪಾರಸಿ ಮೂಲದ ಶಬ್ದ ಕನ್ನಡಕ್ಕೆ ಹೊಸತಲ್ಲ. ದಾರಿಯಲ್ಲಿ ಸಾಗಲು ಆಳುವವರು ಕೊಡುವ ಪರವಾನಗಿ ಎಂಬ ಅರ್ಥದಲ್ಲಿ ಅದು ಬಳಕೆಯಲ್ಲಿದೆ. ನಿಜಾಮರ ಆಳ್ವಿಕೆಯನ್ನು ಕಂಡ ಕೊಪ್ಪಳ ಸೀಮೆಗಂತೂ ಇಂತಹ ಶಬ್ದಗಳು ಪರಿಚಿತ. ವಿಜಯನಗರದ ಚರಿತ್ರೆಯನ್ನು ಬರೆಯುವವರು ಇಂದಿಗೂ ಆಧರಿಸುವ ಬರಹಗಳಲ್ಲಿ ಒಂದು, 1443ರಲ್ಲಿ ಪರ್ಷಿಯಾದ ಶಾರುಖ್‌ನ ರಾಯಭಾರಿಯಾಗಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕ್‌ನದು. ಅವನು ಅರಸನ ಪರವಾಗಿ ಬಂದವನಾದ್ದರಿಂದಲೇ ಆಸ್ಥಾನದ ಒಳಗನ್ನು ಕಾಣಲು ಸಾಧ್ಯವಾಯಿತು. ಯಾರಿಗೆ ದಾರಿ ದೊರೆಯುತ್ತದೆಯೋ ಅವರ ಬರಹವೇ ಮುಂದೆ ಆಕರವಾಗಿ ನಿಲ್ಲುತ್ತದೆ.

2

ಕೊಪ್ಪಳ ಸೀಮೆ ಹೊರಗಿನ ವಿದ್ವಾಂಸರಿಗೆ ಎಂದೂ ಅಪರಿಚಿತವಾಗಿರಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸುತ್ತದೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು 1835ರಲ್ಲಿ ಗುರುತಿಸಿದವನು ಫಿಲಿಪ್ ಮೆಡೋಸ್ ಟೇಲರ್. ದಖ್ಖನಿನ ಇಂತಹ ಸ್ಮಾರಕಗಳನ್ನು ಕುರಿತ ಅವನ ಪ್ರಬಂಧ ಪ್ರಕಟವಾದುದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಿಂದ. 1980ರಿಂದ ಸುಮಾರು ಎರಡು ದಶಕಗಳ ಕಾಲ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ ಅವರ ನೇತೃತ್ವದ ತಂಡ ಹಂಪಿಯ ಪರಿಸರವನ್ನು ಅಂಗುಲ ಅಂಗುಲವಾಗಿ ಅಳೆದು ದಾಖಲಿಸಿತು. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಹೊರಗಿನವರ ಆಸಕ್ತಿ ಇನ್ನೂ ಹೆಚ್ಚುವುದು ಸಹಜ.

ಎದುರು ದಿಕ್ಕಿನ ಸಂಚಾರ ಇದಕ್ಕೆ ಸಮನಾಗಿ ಬೆಳೆಯಲಿಲ್ಲ. 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ ಎ.ಕೆ. ರಾಮಾನುಜನ್ ಬಳಿಕ ಶಿಕಾಗೋದಲ್ಲಿ ನೆಲೆಸಿ ವಚನಗಳನ್ನು ಜಗತ್ತಿನ ಓದುಗರಿಗೆ ಮುಟ್ಟಿಸಿದರು. ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಬಿ.ಎ. ವಿವೇಕ ರೈ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲಸ ಮಾಡಿದರು. ಇಂತಹ ನಿದರ್ಶನಗಳು ಇವೆ. ಆದರೆ ಕುಷ್ಟಗಿಯ ಅಥವಾ ಯಲಬುರ್ಗಾದ ಕಾಲೇಜಿನ ಉಪನ್ಯಾಸಕನಿಗೆ ಇವು ತನಗೂ ಸಾಧ್ಯವಾದ ದಾರಿಯೆಂದು ತೋರುವುದಿಲ್ಲ.

ಈ ಸೀಮೆಯನ್ನು ಅಭ್ಯಸಿಸುವವರಿಗೆ ಬೇಕಾದ ಆಕರಗಳಾದರೂ ಎಲ್ಲಿವೆ? 1799ರಲ್ಲಿ ಹಂಪಿಯನ್ನು ಕಂಡು ನಕ್ಷೆ, ಚಿತ್ರಗಳನ್ನು ಮಾಡಿಸಿದ ಕಾಲಿನ್ ಮೆಕೆಂಜಿಯ ಸಂಗ್ರಹದ ಒಂದು ಮುಖ್ಯ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ಬೆಟಗೇರಿಗೂ ಬಂದ ಬಾಸೆಲ್ ಮಿಶನ್ನಿನ ವರದಿ, ಪತ್ರ, ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲಾಗಾರದಲ್ಲಿವೆ. ಬೆಟಗೇರಿಯಿಂದ ಯಲಬುರ್ಗಾ ಸೀಮೆ ದೂರವಲ್ಲ.

ಈಗ ಎಲ್ಲವೂ ಗಣಕಯಂತ್ರದಲ್ಲೇ ದೊರೆಯುವಾಗ ಪ್ರಯಾಣವೇಕೆ ಎಂಬ ಆಕ್ಷೇಪ ಬರಬಹುದು. ಡಿಜಿಟಲೀಕರಣದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕಡತಗಳಲ್ಲಿ ಬಹುಪಾಲು ಇನ್ನೂ ಪೆಟ್ಟಿಗೆಗಳಲ್ಲೇ ಉಳಿದಿವೆ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ನಡೆದ ಸೈಬರ್ ದಾಳಿಯಿಂದ ಅದರ ಸೂಚಿಯೇ ತಿಂಗಳುಗಟ್ಟಲೆ ಓದುಗರಿಗೆ ದೊರೆಯದೆ ಹೋಯಿತು. ತಾಳೆಗರಿಯ ಪ್ರತಿಯನ್ನು ಕಣ್ಣಾರೆ ನೋಡಿ ಪಾಠ ನಿರ್ಣಯಿಸುವ ಶಿಸ್ತಿನಲ್ಲಿ ಬೆಳೆದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

3

ಕಾಗದಪತ್ರಗಳ ಮೊದಲ ತೊಡಕು ಹೆಸರಿನದು. ಇದು ಕನ್ನಡ ಅಧ್ಯಯನದ ಕ್ಷೇತ್ರಕ್ಕೇ ಸೇರಿದ ಸಮಸ್ಯೆ ಎಂಬುದು ಗಮನಾರ್ಹ. ಪಾಸ್‌ಪೋರ್ಟಿನ ನಮೂನೆ ವ್ಯಕ್ತಿಯ ಹೆಸರನ್ನು ‘ಕುಲನಾಮ’, ‘ಕೊಟ್ಟ ಹೆಸರು’ ಎಂದು ಎರಡು ಮನೆಗಳಲ್ಲಿ ಕೇಳುತ್ತದೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಪದರಗಳಿವೆ. ಅಡ್ಡಹೆಸರು ವೃತ್ತಿಯಿಂದ, ಊರಿನಿಂದ, ಮಠದಿಂದ ಬಂದಿರಬಹುದು. ಒಂದು ದಾಖಲೆಯಲ್ಲಿ ಅದು ಮೊದಲಿಗೆ, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಒಂದೇ ಅಕ್ಷರವಾಗಿ ಕಾಣಿಸಿಕೊಳ್ಳುತ್ತದೆ. ಜಾತಿಸೂಚಕವೆಂಬ ಕಾರಣಕ್ಕೆ ಅಡ್ಡಹೆಸರನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟ ಲೇಖಕರೂ ಇದ್ದಾರೆ. ಮದುವೆಯ ನಂತರ ಹೆಸರು ಬದಲಾದ ಮಹಿಳೆಯರ ಪಿಎಚ್.ಡಿ. ಪ್ರಮಾಣಪತ್ರ ಒಂದು ಹೆಸರಿನಲ್ಲಿ, ಪ್ರಕಟಿತ ಗ್ರಂಥ ಮತ್ತೊಂದರಲ್ಲಿ ಇರುತ್ತದೆ.

ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇದ್ದರೆ ಅಮೆರಿಕದ ವೀಸಾ ಆ ಪದವನ್ನು ಕುಲನಾಮದ ಮನೆಯಲ್ಲಿರಿಸಿ, ಸ್ವಂತ ಹೆಸರಿನ ಮನೆಯಲ್ಲಿ ‘ಹೆಸರು ತಿಳಿದಿಲ್ಲ’ ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳನ್ನು ಮುದ್ರಿಸುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಪದದ ಹೆಸರುಳ್ಳವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಪ್ರಕಟಿಸಿ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಆಮೇಲೆ ಸಡಿಲಿಸಿತು. ಹೆಸರಿನ ಒಂದು ಪದದಿಂದ ವಿಮಾನ ತಪ್ಪಬಹುದೆಂಬುದು ಉತ್ಪ್ರೇಕ್ಷೆಯಲ್ಲ.

ಊರಿನ ಹೆಸರಿನದೂ ಇದೇ ಕಥೆ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟುದು 1997ರಲ್ಲಿ. ಅದಕ್ಕೂ ಮುಂಚೆ ಕುಷ್ಟಗಿಯಲ್ಲಿ ಹುಟ್ಟಿದವನ ಜನನಪತ್ರದಲ್ಲಿ ರಾಯಚೂರು ಜಿಲ್ಲೆ ಎಂದಿದ್ದರೆ, ಆಧಾರ್ ಕಾರ್ಡಿನಲ್ಲಿ ಕೊಪ್ಪಳ ಜಿಲ್ಲೆ ಎಂದಿರುತ್ತದೆ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದ ಇಟಗಿಯಂತಹ ಊರುಗಳು ಈಗ ಕುಕನೂರು ತಾಲೂಕಿಗೆ ಸೇರಿವೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಗಿ ಗುಲ್ಬರ್ಗಾ ನಗರ ಕಲಬುರಗಿಯಾಯಿತು. ಪದವಿಪತ್ರದ ಮೇಲೆ ಮಾತ್ರ ಗುಲ್ಬರ್ಗಾ ವಿಶ್ವವಿದ್ಯಾಲಯವೆಂದೇ ಇದೆ. ‘ಯಲಬುರ್ಗಾ’ ಎಂಬ ಒಂದು ಸ್ಥಳನಾಮವನ್ನು ರೋಮನ್ ಲಿಪಿಯಲ್ಲಿ ಬರೆಯುವ ಬಗೆಗಳೇ ಮೂರು ನಾಲ್ಕು. ಸ್ಥಳನಾಮಗಳ ರೂಪಭೇದ ಕನ್ನಡ ವಿದ್ವಾಂಸನಿಗೆ ಅಧ್ಯಯನದ ವಸ್ತು. ವೀಸಾ ಅಧಿಕಾರಿಗೆ ಅದು ಸಂಶಯದ ವಸ್ತು. ಇದಕ್ಕೆ ಪರಿಹಾರ ಕಷ್ಟವಲ್ಲ. ಪಿಎಚ್.ಡಿ.ಗೆ ನೋಂದಣಿಯಾದ ದಿನವೇ ಸಂಶೋಧಕನು ತನ್ನ ಹೆಸರಿನ ಒಂದು ರೋಮನ್ ರೂಪವನ್ನು ನಿಶ್ಚಯಿಸಿಕೊಂಡು, ಪಾಸ್‌ಪೋರ್ಟ್, ಬ್ಯಾಂಕು, ವಿಶ್ವವಿದ್ಯಾಲಯ, ಪ್ರಕಟಣೆ ಎಲ್ಲೆಡೆಯೂ ಅದನ್ನೇ ಬಳಸುವಂತೆ ಮಾರ್ಗದರ್ಶಕರು ಸೂಚಿಸಬೇಕು. ಹಳೆಯ ದಾಖಲೆಗಳ ವ್ಯತ್ಯಾಸವನ್ನು ವಿವರಿಸುವ ಒಂದು ಪುಟದ ಪತ್ರವನ್ನು ವಿಭಾಗವೇ ಸಿದ್ಧಪಡಿಸಿಕೊಡಬಹುದು.

4

ಎರಡನೆಯ ತೊಡಕು ಕಾಲದ್ದು. ವಿಚಾರಸಂಕಿರಣದ ಆಹ್ವಾನ ಬಂದ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ರೂಢಿ ವ್ಯಾಪಕವಾಗಿದೆ. ವಯಸ್ಕರ ಪಾಸ್‌ಪೋರ್ಟಿನ ಅವಧಿ 10 ವರ್ಷ. ಅದನ್ನು ಮೊದಲೇ ಪಡೆದಿಟ್ಟುಕೊಳ್ಳುವುದರಿಂದ ಯಾವ ನಷ್ಟವೂ ಇಲ್ಲ. 2017ರ ಜನವರಿಯಲ್ಲಿ ಮೈಸೂರಿನಲ್ಲಿ ಆರಂಭವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ವ್ಯವಸ್ಥೆ ಮುಂದೆ ಹಲವು ಜಿಲ್ಲೆಗಳಿಗೆ ಹಬ್ಬಿದ್ದರಿಂದ ಈ ಕೆಲಸ ಹಿಂದಿಗಿಂತ ಸುಲಭವಾಗಿದೆ. ಸರ್ಕಾರಿ ನೌಕರರು ತಮ್ಮ ಮೇಲಧಿಕಾರಿಗೆ ಪೂರ್ವಸೂಚನಾ ಪತ್ರವನ್ನು ಸಲ್ಲಿಸಿ ಅದರ ಪ್ರತಿಯೊಡನೆ ಅರ್ಜಿ ಹಾಕಲು ಅವಕಾಶವಿದೆ. ಧಾರವಾಡದ ಅಥವಾ ಕಲಬುರಗಿಯ ವಸತಿನಿಲಯದಲ್ಲಿದ್ದು ಓದುವ ಸಂಶೋಧಕರು ಊರಿನ ವಿಳಾಸ ಕೊಟ್ಟು, ಪೊಲೀಸ್ ವಿಚಾರಣೆಯ ದಿನ ಊರಿನಲ್ಲಿ ಇಲ್ಲದೆ ಅರ್ಜಿ ನೆನೆಗುದಿಗೆ ಬೀಳುವುದುಂಟು. ವಾಸವಿರುವ ವಿಳಾಸವನ್ನೇ ಕೊಟ್ಟರೆ ಈ ತೊಂದರೆ ಇರುವುದಿಲ್ಲ.

ವೀಸಾದ ಕಾಲಗಣನೆಯನ್ನು ಒಂದು ನಿದರ್ಶನದಿಂದ ನೋಡಬಹುದು. ಬಾಸೆಲ್‌ಗೆ ಹೋಗಬೇಕಾದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲೂ 15 ದಿನಗಳಿಗಿಂತ ತಡವಾಗಿಯೂ ಅರ್ಜಿ ಸಲ್ಲಿಸುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೆ ಹಿಡಿಯಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮರಳುವ ದಿನದಿಂದ ಮುಂದೆ 3 ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಈ ವೀಸಾದ ಮೇಲೆ ಇರಲಾಗದು. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣದ 3 ತಿಂಗಳ ಒಳಗೆ ಮಾತ್ರ ಅರ್ಜಿ ಹಾಕಬಹುದು. ಲಂಡನ್ನಿನ ವೀಸಾ ಬಾಸೆಲ್‌ಗೆ, ಬಾಸೆಲ್‌ನ ವೀಸಾ ಲಂಡನ್ನಿಗೆ ನಡೆಯುವುದಿಲ್ಲ. ಒಂದೇ ಪ್ರವಾಸದಲ್ಲಿ ಎರಡೂ ಕಡೆ ಓದಬೇಕೆನ್ನುವವರ ಪಾಸ್‌ಪೋರ್ಟ್ ಮೊದಲ ಅರ್ಜಿಯೊಡನೆ ವಾರಗಟ್ಟಲೆ ಕಚೇರಿಯಲ್ಲೇ ಉಳಿಯುವ ಸಂಭವವಿರುವುದರಿಂದ ಎರಡು ಅರ್ಜಿಗಳ ನಡುವೆ ಅಂತರವಿರಿಸಿಕೊಳ್ಳುವುದು ಅಗತ್ಯ.

ಇವುಗಳ ಜೊತೆಗೆ ಬೆರಳಚ್ಚು ಕೊಡಲು ಖುದ್ದಾಗಿ ಮಹಾನಗರಕ್ಕೆ ಹೋಗಬೇಕು. ಕೊಪ್ಪಳದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿಯ ಪ್ರಯಾಣ. ಕುಷ್ಟಗಿಗೆ ರೈಲು ತಲುಪಿದ್ದೇ 2025ರಲ್ಲಿ. ಅಮೆರಿಕದ ವೀಸಾ ಸಂದರ್ಶನಕ್ಕೆ ಹೈದರಾಬಾದಿಗೋ ಚೆನ್ನೈಗೋ ಹೋಗುವುದು ವಾಡಿಕೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಬೆಂಗಳೂರಿನವನಿಗೆ ಅರ್ಧ ದಿನದ ಕೆಲಸ ಕುಷ್ಟಗಿಯವನಿಗೆ ಮೂರು ದಿನದ ರಜೆ. ಇಲಾಖೆಯ ಅನುಮತಿಯ ಕಡತವಾದರೋ ಪ್ರಾಚಾರ್ಯರಿಂದ ಜಂಟಿ ನಿರ್ದೇಶಕರಿಗೆ, ಅಲ್ಲಿಂದ ಆಯುಕ್ತರಿಗೆ ಸಾಗಬೇಕು. ಇವೆಲ್ಲವನ್ನೂ ಲೆಕ್ಕ ಹಾಕಿದರೆ ಒಂದು ತಿಂಗಳ ವಿದೇಶ ಅಧ್ಯಯನಕ್ಕೆ ಒಂದು ವರ್ಷದ ಸಿದ್ಧತೆ ಬೇಕೆಂಬುದು ಸ್ಪಷ್ಟವಾಗುತ್ತದೆ.

5

ಮೂರನೆಯದು ಉದ್ದೇಶದ ಪ್ರಶ್ನೆ. ಪ್ರವಾಸಿ ವೀಸಾ ಬೇಗ ಸಿಗುತ್ತದೆಂದು ಅದನ್ನೇ ಪಡೆದು ಅಲ್ಲಿ ಪ್ರಬಂಧ ಮಂಡಿಸಿದರಾಯಿತು ಎಂಬ ಸಲಹೆ ಕೇಳಿಬರುವುದುಂಟು. ಇದು ಅಪಾಯಕಾರಿ ಮಾತು. ಅರ್ಜಿಯಲ್ಲಿ ಬರೆದ ಉದ್ದೇಶ, ಆಹ್ವಾನಪತ್ರದ ಉದ್ದೇಶ, ರಜೆಯ ಆದೇಶದ ಉದ್ದೇಶ ಈ ಮೂರೂ ಒಂದೇ ಆಗಿರಬೇಕು. ಗೌರವಧನದ ಬಗೆಗೂ ನಿಯಮಗಳಿವೆ. ಅಮೆರಿಕದಲ್ಲಿ ಬಿ-1 ವೀಸಾದ ಮೇಲೆ ಉಪನ್ಯಾಸ ನೀಡುವವರು ಒಂದು ಸಂಸ್ಥೆಯಲ್ಲಿ 9 ದಿನ ಮೀರದಂತೆ, 6 ತಿಂಗಳಲ್ಲಿ 5 ಸಂಸ್ಥೆಗಳನ್ನು ಮೀರದಂತೆ ಮಾತ್ರ ಗೌರವಧನ ಸ್ವೀಕರಿಸಬಹುದು.

ಈ ಎಚ್ಚರಿಕೆ ಹೋಗುವವರಿಗೆ ಮಾತ್ರವಲ್ಲ, ಬರುವವರನ್ನು ಆಹ್ವಾನಿಸುವವರಿಗೂ ಅನ್ವಯಿಸುತ್ತದೆ. ಆನೆಗೊಂದಿಗೆ ಪ್ರವಾಸಿಯಾಗಿ ಬಂದ ವಿದೇಶಿ ವಿದ್ವಾಂಸರನ್ನು ಮರುದಿನ ಕಾಲೇಜಿಗೆ ಕರೆಸಿ ಉಪನ್ಯಾಸ ಏರ್ಪಡಿಸುವ ಉತ್ಸಾಹ ಮೆಚ್ಚತಕ್ಕದ್ದಾದರೂ ಅದರಿಂದ ತೊಂದರೆಗೆ ಸಿಲುಕುವವರು ಅತಿಥಿಗಳೇ. ಸಂಶೋಧನೆಗೂ ಸಮ್ಮೇಳನಕ್ಕೂ ಭಾರತ ಪ್ರತ್ಯೇಕ ವೀಸಾಗಳನ್ನು ಇರಿಸಿದೆ. ವಿದೇಶೀಯರಿಗೆ ವಸತಿ ಕೊಟ್ಟವರು 24 ಗಂಟೆಗಳ ಒಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸಬೇಕು. 1946ರ ವಿದೇಶೀಯರ ಕಾಯ್ದೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹಿಂದಿ ವಿದ್ವಾಂಸೆ ಫ್ರಾಂಚೆಸ್ಕಾ ಒರ್ಸಿನಿ ಅವರನ್ನು ದೆಹಲಿಯ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಲಾಯಿತು. ಹಿಂದಿನ ಭೇಟಿಯಲ್ಲಿ ವೀಸಾ ಷರತ್ತು ಉಲ್ಲಂಘನೆಯಾಗಿತ್ತೆಂಬ ಕಾರಣ ಅಧಿಕಾರಿಗಳ ಮೂಲಗಳಿಂದ ವರದಿಯಾಯಿತು. ಆ ಕ್ರಮದ ಸಾಧುತ್ವವನ್ನು ಹಲವು ವಿದ್ವಾಂಸರು ಪ್ರಶ್ನಿಸಿದರು, ಪ್ರಶ್ನಿಸಬೇಕಾದುದೂ ಹೌದು. ಭಾರತೀಯ ಭಾಷೆಯೊಂದಕ್ಕೆ ಆಯುಷ್ಯವನ್ನು ಮುಡಿಪಿಟ್ಟವರಿಗೆ ಬಾಗಿಲು ಮುಚ್ಚಿದರೆ ಆ ಭಾಷೆಗೇ ನಷ್ಟ. ಆದರೆ ಅಂತಹ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಾದರೆ ಆಹ್ವಾನಿಸುವ ಸಂಸ್ಥೆಯ ಕಾಗದಪತ್ರ ನಿರ್ದುಷ್ಟವಾಗಿರಬೇಕು.

6

ಎಲ್ಲಕ್ಕಿಂತ ಗಂಭೀರವಾದುದು ಅತಿಥಿ ಉಪನ್ಯಾಸಕರ ಸ್ಥಿತಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಇಂದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿವೆ. ಪಿಎಚ್.ಡಿ. ಮುಗಿಸಿದ ಕನ್ನಡ ವಿದ್ವಾಂಸರು ಅವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ವೀಸಾ ಅಧಿಕಾರಿ ಮುಖ್ಯವಾಗಿ ಕೇಳುವ ಪ್ರಶ್ನೆ: ಈ ವ್ಯಕ್ತಿ ಮರಳಿ ಬರುತ್ತಾನೆಂಬುದಕ್ಕೆ ಆಧಾರವೇನು? ಅಮೆರಿಕದ ಕಾನೂನಂತೂ ಬಹುಪಾಲು ತಾತ್ಕಾಲಿಕ ವೀಸಾಗಳ ಅರ್ಜಿದಾರನನ್ನು, ಅವನು ಬೇರೆ ರೀತಿ ಸಾಬೀತುಪಡಿಸುವವರೆಗೆ, ಅಲ್ಲೇ ನೆಲೆಸಲು ಬರುವವನೆಂದೇ ಭಾವಿಸುತ್ತದೆ. ಖಾಯಂ ಪ್ರಾಧ್ಯಾಪಕನು ವೇತನ ಚೀಟಿ, ರಜೆಯ ಆದೇಶ, ತೆರಿಗೆ ದಾಖಲೆಗಳನ್ನು ಮುಂದಿಡುತ್ತಾನೆ. ಅವಧಿಯ ಲೆಕ್ಕದಲ್ಲಿ ನೇಮಕಗೊಂಡ ಅತಿಥಿ ಉಪನ್ಯಾಸಕನಿಗೆ ಮುಂದಿನ ಅವಧಿಯಲ್ಲಿ ಕೆಲಸ ಇದೆಯೆಂದು ಹೇಳುವ ಕಾಗದವೇ ಇಲ್ಲ. ಸ್ವದೇಶದಲ್ಲಿ ಅಭದ್ರತೆಯಲ್ಲಿ ದುಡಿಯುವವನು ಆ ಅಭದ್ರತೆಯ ಕಾರಣದಿಂದಲೇ ಪರದೇಶದ ಬಾಗಿಲಿನಲ್ಲಿ ಶಂಕಿತನಾಗುತ್ತಾನೆ.

ನೆರವಿನ ಯೋಜನೆಗಳೂ ಸದಾ ಅನುಕೂಲಕರವಾಗಿಲ್ಲ. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಟ್ಟಿತು. ಗಂಗಾವತಿಯ ದಲಿತ ವಿದ್ಯಾರ್ಥಿ ಹೊರದೇಶದಲ್ಲಿ ತನ್ನ ನೆಲದ ಚರಿತ್ರೆಯನ್ನು ಅಭ್ಯಸಿಸಲು ಈ ವೇತನ ಸಲ್ಲದು ಎಂಬಂತಾಯಿತು. ಇದನ್ನು ಕನ್ನಡ ವಿಭಾಗಗಳು ವಿರೋಧಿಸಬೇಕಾಗಿತ್ತು.

ಇಲ್ಲಿ ಒಂದು ಸ್ಪಷ್ಟನೆ ಅವಶ್ಯಕ. ಯುಜಿಸಿಯ 2010ರ ನಿಯಮಾವಳಿ ಅಂತರರಾಷ್ಟ್ರೀಯ ಪ್ರಬಂಧಗಳಿಗೆ ಅಂಕ ನಿಗದಿಪಡಿಸಿದ ಮೇಲೆ ಶುಲ್ಕ ಕೊಟ್ಟವರೆಲ್ಲರಿಗೂ ಪ್ರಮಾಣಪತ್ರ ಕೊಡುವ ಹೊರದೇಶದ ಸಮ್ಮೇಳನಗಳು ಬೆಳೆದವು. ಮೂರು ದಿನಗಳ ಅಂತಹ ಪ್ರವಾಸಗಳ ಪರವಾಗಿ ಇಲ್ಲಿ ವಾದಿಸುತ್ತಿಲ್ಲ. ಆಕರವನ್ನು ಓದಲು, ಕಲಿಸಲು, ಸಮಾನ ವಿದ್ವಾಂಸರೊಡನೆ ಚರ್ಚಿಸಲು ಕೈಗೊಳ್ಳುವ ಯಾನ ಬೇರೆ. ಅಂತಹ ಯಾನಕ್ಕೆ ವಿಭಾಗದ ಬೆಂಬಲ ದೊರೆತರೆ ಅಂಕಗಳಿಗಾಗಿ ನಡೆಯುವ ಯಾತ್ರೆ ತಾನಾಗಿ ಕಡಿಮೆಯಾದೀತು.

7

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸಗಳು ದುಬಾರಿಯಾದವಲ್ಲ. ಪ್ರತಿ ಸಂಶೋಧಕನೂ ನೋಂದಣಿಯ ಮೊದಲ ವರ್ಷದಲ್ಲೇ ಪಾಸ್‌ಪೋರ್ಟ್ ಪಡೆಯುವಂತೆ ಪ್ರೇರೇಪಿಸುವುದು ಮೊದಲನೆಯದು. ಪಹಣಿ, ವಿವಾಹ ನೋಂದಣಿ ಮುಂತಾದ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಅನುವಾದಕರ ಹೆಸರು, ದಿನಾಂಕ, ಸಹಿಯೊಡನೆ ದೃಢೀಕರಿಸಿಕೊಡುವುದು ಎರಡನೆಯದು. ಬ್ರಿಟನ್ ಇಂತಹ ಅನುವಾದವನ್ನು ಕೇಳುತ್ತದೆ. ಭಾಷಾಂತರವನ್ನು ಪಠ್ಯವಾಗಿ ಬೋಧಿಸುವ ವಿಭಾಗಕ್ಕೆ ಇದು ಹೊರೆಯಾಗಬಾರದು. ಅತಿಥಿ ಉಪನ್ಯಾಸಕರ ಸೇವಾವಧಿ, ಅವರ ಸಂಶೋಧನೆಯ ಸ್ವರೂಪ, ಮರಳಿ ಬಂದ ಮೇಲೆ ಅವರು ಪೂರೈಸಬೇಕಾದ ಕೆಲಸ ಇವುಗಳನ್ನು ಸತ್ಯವಾಗಿ ನಿರೂಪಿಸುವ ಸಾಂಸ್ಥಿಕ ಪತ್ರ ಕೊಡುವುದು ಮೂರನೆಯದು. ಯಾವ ಅರ್ಜಿ ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂಬುದನ್ನು, ಹೆಸರು ಹೊರಗೆಡಹದೆ, ಒಂದು ಪುಸ್ತಕದಲ್ಲಿ ದಾಖಲಿಸಿಡುವುದು ನಾಲ್ಕನೆಯದು. ವೀಸಾ ನಿರಾಕರಣೆಯನ್ನು ಅವಮಾನವೆಂದು ಬಚ್ಚಿಡುವುದರಿಂದ ಒಬ್ಬರ ತಪ್ಪು ಇನ್ನೊಬ್ಬರಿಗೆ ಪಾಠವಾಗುವುದಿಲ್ಲ. ಹಿಂದಿನ ನಿರಾಕರಣೆಯನ್ನು ಮುಂದಿನ ಅರ್ಜಿಯಲ್ಲಿ ಮರೆಮಾಚುವುದಂತೂ ನಿರಾಕರಣೆಗಿಂತ ದೊಡ್ಡ ದೋಷ.

ಕೊಪ್ಪಳ ಜಿಲ್ಲೆಗೆ ಈಗ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತುಂಗಭದ್ರೆಯ ಆಚೆ ದಡದಲ್ಲೇ ಇದೆ. ಎರಡೂ ಸಂಸ್ಥೆಗಳು ಕೂಡಿ ಜಿಲ್ಲೆಯ ತಾಲೂಕುಗಳ ಉಪನ್ಯಾಸಕರಿಗೆ ವರ್ಷಕ್ಕೊಮ್ಮೆ ಎರಡು ದಿನಗಳ ಕಮ್ಮಟ ನಡೆಸಿದರೂ ಸಾಕಷ್ಟು ಪ್ರಯೋಜನವಾಗುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಕಮ್ಮಟದಲ್ಲಿ ತಿಳಿದುದನ್ನು ಅರ್ಜಿಯ ಹೊತ್ತಿಗೆ ಆಯಾ ದೇಶದ ಅಧಿಕೃತ ಪ್ರಕಟಣೆಯೊಡನೆ ತಾಳೆ ನೋಡಬೇಕೆಂಬುದನ್ನೂ ಅಲ್ಲಿಯೇ ಕಲಿಸಬೇಕು. ಪಾಠಾಂತರಗಳನ್ನು ತಾಳೆ ನೋಡುವ ಕನ್ನಡ ಸಂಶೋಧಕನಿಗೆ ಈ ಅಭ್ಯಾಸ ಹೊಸದೇನಲ್ಲ.

ಹಿರೇಬೆಣಕಲ್ಲಿನ ಬೆಟ್ಟವನ್ನು ಮೊದಲು ಹೊರಜಗತ್ತಿಗೆ ವಿವರಿಸಿದವನು ಹೊರಗಿನಿಂದ ಬಂದವನು. ಅವನ ಬರಹವನ್ನು ಅವನ ನಾಡಿನ ದಾಖಲೆಗಳ ನಡುವೆ ಕುಳಿತು ಪರಿಶೀಲಿಸಿ, ಒಪ್ಪುವುದನ್ನು ಒಪ್ಪಿ ತಿದ್ದುವುದನ್ನು ತಿದ್ದುವ ಅಧಿಕಾರ ಆ ಬೆಟ್ಟದ ಕೆಳಗೆ ಹುಟ್ಟಿ ಬೆಳೆದವನಿಗೂ ಇದೆ. ಆ ಅಧಿಕಾರವನ್ನು ಚಲಾಯಿಸಲು ವಿದ್ವತ್ತಿನೊಡನೆ ರಹದಾರಿಯೂ ಬೇಕು. ಅದನ್ನು ದೊರಕಿಸಿಕೊಡುವ ಕೆಲಸದಲ್ಲಿ ಅವನು ಒಂಟಿಯಾಗದಂತೆ ನೋಡಿಕೊಳ್ಳುವುದು ವಿಭಾಗಗಳ ಹೊಣೆ.